ರಸ್ತೆ ಬದಿಯ ಬರಿಸಾಲು

ಕುರಿಯ ಹಿಂದೆ ಚೀಲ ಕಟ್ಟುವವಳು ಎಂದೇ ಚೌಳಹಿರಿಯೂರಿನಲ್ಲಿ ನನ್ನ ಮೊದಲ ಪರಿಚಯವಾಯಿತು. ನನಗಿಂತ ಮೊದಲೇ ಟೆಂಪೋದಲ್ಲಿ ಕುರಿಗಳೂ ಚೀಲಗಳೂ ಬಂದಿದ್ದವು. ನಾನು ಕಡೂರಿನ ಬಸ್ಸಿಳಿದಾಗ ಅರ್ಧ ಬೀದಿಯೇ ನೋಡಲು ನೆರೆದಿತ್ತು. "ಹಿಕ್ಕೆ ಹಿಡಿಯೋಕೆ ಧಾರವಾಡದಿಂದ ಇಲ್ಲೀಗಂಟ ಬಂದ್ರಾ? ನಿಮ್ಮೂರಲ್ಲಿ ಕುರಿ ಇಲ್ವಾ ತಾಯಿ?" ಎಂದು ನಾನು ಉಳಿಯಲಿದ್ದ ಮನೆಯ ಒಡತಿ ಗೌರಮ್ಮ ನಕ್ಕೇಬಿಟ್ಟರು.

ನನ್ನೂರಿನ ಓದುಗರೇ, ನೀವಾದರೂ ನಗಬೇಡಿ, ನನ್ನ ಸಂಶೋಧನೆಯೇ ಅದು. ಸಾರಜನಕದಲ್ಲಿ ಎರಡು ಬಗೆ ಉಂಟು: ಒಂದು ಸಾಮಾನ್ಯದ್ದು, ಇನ್ನೊಂದು ಅಪರೂಪದ್ದು, ಚೂರು ತೂಕ ಹೆಚ್ಚು, ಅಪಾಯವೇನಿಲ್ಲ. ತೂಕದ್ದನ್ನು ಉಣಿಸಿ ಬೆಳೆಸಿದ ಹುಲ್ಲನ್ನು ಕುರಿಗೆ ಹಾಕಿ, ಹಿಕ್ಕೆಯನ್ನು ಚೀಲದಲ್ಲಿ ಹಿಡಿದು, ಗೌರಮ್ಮನವರ ಹಿತ್ತಿಲ ಗುಂಡಿಯಲ್ಲಿ ಕೊಳೆಸಿ, ಅವರದೇ ಹೊಲದ ರಾಗಿಗೆ ಕೊಟ್ಟೆ. ಮುಂದೆ ರಾಗಿ ಎಲೆಯಲ್ಲಿ ಆ ತೂಕದ ಸಾರಜನಕದ ಗುರುತು ಸಿಕ್ಕರೆ ಅದು ನಮ್ಮ ಗೊಬ್ಬರದಿಂದಲೇ ಬಂದದ್ದು! ಹೋಲಿಸಿ ನೋಡಲು ಕೆಲವು ಸಾಲುಗಳಿಗೆ ಬೇಕೆಂದೇ ಗೊಬ್ಬರ ಹಾಕಲಿಲ್ಲ. ಅವು ಬರಿಸಾಲುಗಳು. ಈ ಬೆಳೆ ಕೆಟ್ಟರೆ ನನ್ನ ಕೆಲಸ ಅಲ್ಲಿಗೇ ಮುಗಿದು, ಗಂಟುಮೂಟೆ ಕಟ್ಟಬೇಕಿತ್ತು.

ನಮ್ಮಲ್ಲಿ ಕಾಲಿಗಂಟುವ ಕರಿಮಣ್ಣು, ಇಲ್ಲಿ ಕೆಂಪು. ನನ್ನ ಬಿಳಿ ಬಟ್ಟೆಗಳೆಲ್ಲ ಬೇಗನೆ ಕಾವಿಯಾದವು. ನಮ್ಮಲ್ಲಿ ರೊಟ್ಟಿ ಅಗಿಯುವುದೇ ಸುಖ, ಇಲ್ಲಿ ಮುದ್ದೆ ಅಗಿದರೆ ನಗೆಪಾಟಲು. ಮೊದಮೊದಲು ಸಂಜೆಯಾದರೆ ಅವ್ವನಿಗೆ ಫೋನ್ ಹಚ್ಚಿ ಅತ್ತದ್ದೂ ಇದೆ. ಕೊನೆಗೆ ಕೈಹಿಡಿದದ್ದು ಬಸ್ಸಾರು, ಎಂದರೆ ಸೊಪ್ಪು ಬೇಯಿಸಿ ಬಸಿದ ನೀರಿನ ಸಾರು. ಹಿತ್ತಿಲ ದಂಟಿನ ಸೊಪ್ಪಿನ ಬಸ್ಸಾರಿನಲ್ಲಿ ಮುದ್ದೆ ನುಂಗಲು ಕಲಿತ ದಿನ ಗೌರಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದರು.

ಲ್ಯಾಬಿಗೆ ಕಳಿಸಿದ್ದ ರಾಗಿ ಎಲೆಗಳ ಫಲಿತಾಂಶ ಮೊಬೈಲಿಗೆ ಬಂದಾಗ ನಾವಿಬ್ಬರೂ ಹೊಲದಲ್ಲಿದ್ದೆವು. ಗೊಬ್ಬರದ ಸಾಲುಗಳಲ್ಲಿ ಗುರುತು ಸಿಕ್ಕಿತ್ತು! ಬದುವಿನ ಮೇಲೆ ಕುಣಿದುಬಿಟ್ಟೆ. ಮುಂದೆ ಓದಿದಾಗ ಕುಣಿತ ನಿಂತಿತು. ರಸ್ತೆ ಬದಿಯ ಬರಿಸಾಲಿನಲ್ಲೂ ಗುರುತು ಸಿಕ್ಕಿತ್ತು.

"ಅಕ್ಕಾರ, ಈ ಸಾಲಿಗೆ ಯಾರರೆ ಗೊಬ್ಬರ ಹಾಕ್ಯಾರೇನ್ರಿ?"

"ನಾನೇ ಕಣಮ್ಮ. ರಸ್ತೇಲಿ ಹೋಗೋರೆಲ್ಲ ಸೊರಗಿದ್ ರಾಗಿ ನೋಡಿ, ಪಾಪ ಆ ಮೇಡಮ್ಮಂಗೆ ಬೇಸಾಯ ಬರಲ್ಲ ಅಂತಿದ್ರು. ನಂಗೆ ಕೇಳಕ್ಕಾಗ್ಲಿಲ್ಲ. ಗುಂಡೀಲಿ ಮಿಕ್ಕಿತ್ತಲ್ಲ, ಒಂದ್ ಮಂಕರಿ ಹಾಕ್ದೆ."

ಮಂಕರಿ ಎಂದರೆ ನಮ್ಮ ಬುಟ್ಟಿ. ಸಿಟ್ಟು, ಅಳು, ಪ್ರೀತಿ ಎಲ್ಲ ಒಟ್ಟಿಗೇ ಬಂದವು. ನಾನು ಪ್ರಯೋಗ ಕೆಟ್ಟಿತೆಂದು ಕಂಗೆಟ್ಟಿದ್ದರೆ, ಇವರು ನನ್ನ ಮರ್ಯಾದೆ ಕಾಪಾಡಿದ್ದರು.

"ಹಿಂದಿನ ಬರಿಸಾಲಿಗೂ ಹಾಕೀರೇನ್ರಿ?"

"ಅವು ಯಾರ ಕಣ್ಣಿಗೂ ಬೀಳಲ್ವಲ್ಲ, ಬಿಟ್ಟೆ."

ಬದುಕಿದೆ! ಮೊಬೈಲ್ ನೋಡಿದರೆ ಹಿಂದಿನ ಸಾಲುಗಳಲ್ಲಿ ಗುರುತೇ ಇರಲಿಲ್ಲ. ಹೋಲಿಸಲು ಅಷ್ಟು ಸಾಕಿತ್ತು. ರಸ್ತೆ ಬದಿಯದನ್ನು ಲೆಕ್ಕದಿಂದ ತೆಗೆದೆ, ಕೆಲಸ ಉಳಿಯಿತು. ಗೌರಮ್ಮನವರನ್ನು ತಬ್ಬಿಕೊಂಡು, ಉಳಿದ ಗೊಬ್ಬರ ಏನಾಯಿತೆಂದು ಕೇಳಿದೆ.

"ಹಿತ್ತಿಲ ಸೊಪ್ಪಿಗೆ ಹಾಕಿದೀನಿ. ದಿನಾ ತಿಂತಿದೀಯಲ್ಲ, ಚೆನ್ನಾಗಿಲ್ವಾ?"

ನಗು ತಡೆಯಲಾಗಲಿಲ್ಲ. ಕೂದಲೂ ಉಂಡದ್ದರಿಂದಲೇ ಬೆಳೆಯುತ್ತದಲ್ಲವೇ? ಕೊಯ್ಲಾದ ಮೇಲೆ ರಾಗಿಕಾಳಿನ ಜೊತೆ ನನ್ನ ಒಂದಿಷ್ಟು ಕೂದಲನ್ನೂ ಬುಡಸಮೇತ ಕತ್ತರಿಸಿ ಲ್ಯಾಬಿಗೆ ಕಳಿಸಿದೆ. ಬುಡದ ಕಡೆ ಗುರುತು ಸಿಕ್ಕಿತು. ತುದಿಯ ಕಡೆ ಇರಲಿಲ್ಲ, ಅದು ಧಾರವಾಡದಲ್ಲಿ ರೊಟ್ಟಿ ತಿಂದು ಬೆಳೆದದ್ದು.

ಸಂಕ್ರಾಂತಿಗೆ ಧಾರವಾಡಕ್ಕೆ ಹೋದಾಗ ಅವ್ವ ಎಣ್ಣೆ ಹಚ್ಚುತ್ತಾ, "ತುದಿ ಎಲ್ಲಾ ಸೀಳ್ಯಾವಲ್ಲ, ಕತ್ತರಸ್ಲೇನು?" ಎಂದಳು.

"ಬ್ಯಾಡವ್ವಾ," ಎಂದು ಜಡೆಯನ್ನು ಮುಂದಕ್ಕೆಳೆದು ಎರಡೂ ಕೈಯಲ್ಲಿ ಹಿಡಿದುಕೊಂಡೆ.