ಕಿತ್ತೂರಿಗೆ ಒಬ್ಬಳೇ

ನಾಳೆ ಕಿತ್ತೂರಿನ ಅರಮನೆ, ತೋಟ ನೋಡಲು ನಾವು ಐವರು ಗೆಳತಿಯರು ಹೊರಡಬೇಕಿತ್ತು. ಇವತ್ತು ಸಂಜೆಯೊಳಗೆ ನಾಲ್ವರೂ ಬರುವುದಿಲ್ಲ ಎಂದರು. ಒಬ್ಬಳ ಮನೆಗೆ ಬೀಗರು, ಇನ್ನೊಬ್ಬಳ ಮಗನಿಗೆ ಪರೀಕ್ಷೆ. ಉಳಿದಿಬ್ಬರು ಕಾರಣವನ್ನೂ ಹೇಳಲಿಲ್ಲ. ಹಟ ಬಂದು, ನಾವು ಬಾಡಿಗೆ ಕಾರು ಗೊತ್ತುಮಾಡಿದ್ದ ಗೋಪನಕೊಪ್ಪದ ಡ್ರೈವರ್ ಕಾಕಾಗೆ ಫೋನ್ ಮಾಡಿ, ನಾನೊಬ್ಬಳೇ ಬರುತ್ತೇನೆ ಎಂದೆ.

“ಒಬ್ಬರ ಹೋಗಿ ಏನ್ ಮಾಡ್ತೀರಿ ಮೇಡಂ? ಅಲ್ಲಿ ಬರೇ ಬಿದ್ದ ಗ್ವಾಡಿ ಅದಾವು. ತೋಟದಾಗ ಕುಂತು ಉಣ್ಣಾಕರ ಜೋಡಿ ಬೇಕಲ್ರಿ.”

“ನಾಲ್ವರೂ ಕೈಕೊಟ್ಟರು ಕಾಕಾ” ಎಂದೆ. ನನ್ನ ಬೇಸರ ಅವರಿಗೂ ತಿಳಿಯಿತೇನೋ.

“ಖರೇ ಹೇಳ್ಬೇಕಂದ್ರ, ಎಷ್ಟ್ ಮಂದೀನ ಕರ್ಕೊಂಡು ಹೋದ್ರೂ ನಾ ಒಳಗ ಹೋಗಿಲ್ರಿ. ನಾಳಿ ನಾನೂ ನೋಡ್ತೇನ್ರಿ” ಎಂದರು.

ಗೆಳತಿಯರೇ, ಫೋಟೊ ಹಾಕುತ್ತೇನೆ. ಲೈಕ್ ಮಾಡಲು ನಿಮಗೆಲ್ಲ ಪುರಸೊತ್ತು ಇದ್ದೇ ಇರುತ್ತದೆ.