ಕಾಲು ಮುಂದಾಗಿ ಹುಟ್ಟಿದಾಕಿ

ಎಪ್ಪತ್ತರ ದಶಕದ ಮಾತು. ಊರೂರು ತಿರುಗಿ ಹೊಲಿಗೆ ಮಷಿನ್ ರಿಪೇರಿ ಮಾಡುತ್ತಿದ್ದೆ. ಸೊರಟೂರಿನ ಟೇಲರ್ ಸಿದ್ದಪ್ಪನ ಮನೆಯಲ್ಲಿ ಮಷಿನ್ ಎತ್ತಿ ಕಟ್ಟೆಯ ಮೇಲಿಡಲು ಹೋದೆ, ಸೊಂಟ ಹಿಡಿದುಬಿಟ್ಟಿತು. ನಿಲ್ಲಲೂ ಆಗದು, ಕೂಡಲೂ ಆಗದು.

ಸಿದ್ದಪ್ಪ ಒಳಗೆ ಮುಖ ಮಾಡಿ ಕೂಗಿದ: "ಅಕ್ಕಾ, ಬಾ ಇಲ್ಲೆ. ಇವರಿಗೊಂದು ಒದಿ!"

ನಾನು ಗಾಬರಿಯಾದೆ.

"ಅಂಜಬ್ಯಾಡ್ರಿ. ನಮ್ಮಕ್ಕ ಕಾಲು ಮುಂದಾಗಿ ಹುಟ್ಟ್ಯಾಳ. ಆಕಿ ಒದ್ದರ ಎಂಥಾ ಉಳುಕಾದರೂ ಬಿಡತೈತಿ."

ಅವನ ಅಕ್ಕ ಗಂಗವ್ವ ಬಾಗಿಲಲ್ಲೇ ನಿಂತಳು. "ಮನಿಗೆ ಬಂದವರಿಗೆ ಹೆಂಗ ಒದೀಲೋ?"

"ಒದೀರಿ ಅವ್ವಾರ, ನಾನ ಹೇಳಾಕತ್ತೀನಿ," ಅಂದೆ.

ಅದೇನು ಒದೆಯಲ್ಲ. "ಉಸುರು ಬಿಡ್ರಿ" ಅನ್ನುತ್ತ ಹಿಮ್ಮಡಿಯಿಂದ ನೋವಿದ್ದಲ್ಲಿ ಮೆಲ್ಲಗೆ ಒತ್ತಿದಳು. ಆಮೇಲೆ ಕಾಲು ತಾಗಿಸಿದ್ದಕ್ಕೆ ನನ್ನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನೋವು ಪೂರ್ತಿ ಹೋಗಲಿಲ್ಲ, ಆದರೆ ನೆಟ್ಟಗೆ ನಿಂತೆ.

ನೀರಿಗೆ ಹೊರಟ ಗಂಗವ್ವ ಕೊಡ ಎತ್ತಿಕೊಳ್ಳಲು ಬಗ್ಗಿದಳು. ಮೇಲೇಳಲು ಗೋಡೆ ಹಿಡಿಯಬೇಕಾಯಿತು.

"ನಿಮಗೂ ಸೊಂಟನೋವೈತೇನ್ರಿ?"

"ನೀರು ಹೊತ್ತೂ ಹೊತ್ತೂ ಹಿಂಗಾಗೇತ್ರಿ. ಊರಾಗ ನನ್ನಂಗ ಹುಟ್ಟಿದವರು ಮತ್ತ ಯಾರೂ ಇಲ್ಲ. ನನಗ ಯಾರು ಒದೀಬೇಕು?" ಎಂದು ನಕ್ಕಳು. ನಗು ನಿಂತ ಮೇಲೆ, ನನ್ನ ಕಾಲು ನೋಡುತ್ತ, ಮೆಲ್ಲಗೆ ಕೇಳಿದಳು: "ನೀವು ಹೆಂಗ ಹುಟ್ಟೀರಿ?"

"ಎಲ್ಲಾರಂಗ. ತಲಿ ಮುಂದಾಗಿ."

"ಹೋಗ್ಲಿ ಬಿಡ್ರಿ," ಅಂದು ಕೊಡ ಸೊಂಟಕ್ಕೇರಿಸಿ ಹೋದಳು.

ಮಷಿನ್ ಏನೋ ರಿಪೇರಿಯಾಯಿತು. ಆದರೆ ತಲೆ ಮುಂದಾಗಿ ಹುಟ್ಟಿದ್ದಕ್ಕೆ ನನಗೆ ಹಳಹಳಿಯಾದದ್ದು ಅವತ್ತೊಂದೇ ದಿನ.