ಅತ್ತೆಯ ಕೌದಿಯ ಹೊಟ್ಟೆಯಲ್ಲಿ

ಕೌದಿಯ ಹೊಟ್ಟೆ ಸೀಳುವುದನ್ನು ನೀವು ಯಾರಾದರೂ ನೋಡಿದ್ದೀರಾ? ನಾನು ನೋಡಿದೆ. ಹೋದ ಸೋಮವಾರ, ಹಾನಗಲ್ಲಿನ ಹೊಲಿಗೆ ಮಷಿನ್ ಅಂಗಡಿಯಲ್ಲಿ, ಹಾಡುಹಗಲೇ. ಅವತ್ತಿನಿಂದ ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ, ಕೇಳಿ.

ಮೊಮ್ಮಗಳು ಗೌರಿ ಬಾಣಂತನಕ್ಕೆ ಹತ್ತಿಮತ್ತೂರಿಗೆ, ನಮ್ಮ ಮನೆಗೆ ಬಂದಿದ್ದಾಳೆ. ಹೆಣ್ಣು ಕೂಸು. ಮುಂದಿನ ತಿಂಗಳು ತೊಟ್ಟಿಲಿಗೆ ಹಾಕಬೇಕು. ನಮ್ಮ ಮನೆಯ ಯಾವ ಕೂಸೂ ಅಂಗಡಿಯ ಹಾಸಿಗೆಯ ಮೇಲೆ ಮಲಗಿಲ್ಲ. ಹಳೇ ಸೀರೆ, ಹಳೇ ಧೋತ್ರ ಪದರ ಪದರ ಹಾಸಿ, ನಾನೇ ಕೂತು ಹೊಲಿದ ಕೌದಿಯ ಮೇಲೆ ಮಲಗಿವೆ.

ಈ ಸಲ ಏನಾಯಿತು? ಹೆಬ್ಬೆರಳು ಕೈಕೊಟ್ಟಿತು. ಸೂಜಿ ಐದು ಪದರದ ಒಳಗೆ ಹೋಗುತ್ತದೆ, ಆಚೆ ಬರುವುದಿಲ್ಲ. ಎಳೆಯುವ ಕಸುವು ಬೆರಳಲ್ಲಿಲ್ಲ. ಡಾಕ್ಟರು ಬೆರಳು ಹಿಡಿದು ನೋಡಿ, "ವಯಸ್ಸಾತಲ್ರೀ ಆಯಿ" ಅಂದರು. (ಇದನ್ನು ಹೇಳುವುದಕ್ಕೆ ಅಷ್ಟು ಓದಬೇಕೇ?)

ಹಾಗಾದರೆ ಸೊಸೆ ಹೊಲಿಯಲಿ ಅನ್ನುತ್ತೀರಿ. ಸೊಸೆ ರೇಣುಕಾ, ಅಂದರೆ ಗೌರಿಯ ತಾಯಿ, ಹೊಲಿಯುತ್ತಾಳೆ. ಚೆನ್ನಾಗಿಯೇ ಹೊಲಿಯುತ್ತಾಳೆ. ಆದರೆ ಕೈಗುಣ ಅನ್ನುವುದು ಒಂದಿದೆಯಲ್ಲ?

ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದು ಚಿಟಿಕೆ ಜೋಳ ಇಟ್ಟು ಹೊಲಿಯುವುದು ನಮ್ಮ ಮನೆಯ ಪದ್ಧತಿ. ಕೌದಿಯ ಹೊಟ್ಟೆ ಖಾಲಿ ಇರಬಾರದು. ಅದೇ ಹಸಿದುಕೊಂಡಿದ್ದರೆ ಮೇಲೆ ಮಲಗಿದವರಿಗೆ ನಿದ್ದೆ ಎಲ್ಲಿಂದ ಬರಬೇಕು? ಆದರೆ ಜೋಳ ಜೋಳವೇ. ನಾಲ್ಕು ಸಲ ಒಗೆದರೆ ನೆನೆಯುತ್ತದೆ, ಕೊಳೆಯುತ್ತದೆ, ಪುಡಿಯಾಗುತ್ತದೆ. ಮೂಲೆ ಚಪ್ಪಟೆ. ನನ್ನ ಕೌದಿಗಳೂ ಹಾಗೇ, ರೇಣುಕಾಳ ಕೌದಿಗಳೂ ಹಾಗೇ.

ಹಾಗೆ ಆಗದೇ ಇದ್ದದ್ದು ಒಂದೇ ಕೌದಿ. ನಮ್ಮತ್ತೆ ಹೊಲಿದದ್ದು. ಅವರು ಸತ್ತು ಎಷ್ಟೋ ವರ್ಷವಾಯಿತು, ಈಗಲೂ ಮೂಲೆ ಹಿಸುಕಿದರೆ ಕಾಳು ಗಟ್ಟಿ ಗಟ್ಟಿ. ಬದುಕಿದ್ದಾಗ ಓಣಿಯ ಹೆಂಗಸರನ್ನೆಲ್ಲ ಕರೆದು ಹಿಸುಕಿ ತೋರಿಸುತ್ತಿದ್ದರು. ಆಮೇಲೆ ಪಕ್ಕದಲ್ಲಿ ನನ್ನದೊಂದು ಕೌದಿ ತಂದು ಹಾಸುತ್ತಿದ್ದರು.

"ನೋಡ್ರವಾ, ನನ್ನ ಕೌದಿ ಹೊಟ್ಟಿ ನೋಡ್ರಿ, ಈಕಿದು ನೋಡ್ರಿ. ಒಂದ ಮಳಿಗಾಲಕ್ಕ ಬತ್ತಿ ಹೋತು. ಕೈಗುಣ ಅನ್ನೂದನ್ನ ತವರಮನ್ಯಾಗ ಕಲಿಸಿ ಕಳಸಬೇಕಿತ್ತು."

ನಾನು ತಲೆ ಬಗ್ಗಿಸಿ ನಿಲ್ಲುತ್ತಿದ್ದೆ. ತವರಿನ ಹೆಸರೆತ್ತಿದರೂ ನಿಲ್ಲುತ್ತಿದ್ದೆ. ಯಾಕೆ? ಮೂಲೆಯೇ ಸಾಕ್ಷಿ ಹೇಳುತ್ತಿತ್ತಲ್ಲ! ಜೋಳವನ್ನು ಬಿಸಿಲಿಗೆ ಒಣಗಿಸಿ ಇಟ್ಟು ನೋಡಿದೆ. ಹುರಿದು ಇಟ್ಟು ನೋಡಿದೆ. ಬೇವಿನೆಲೆ ಸೇರಿಸಿ ನೋಡಿದೆ. ಊಹೂಂ. ಮುಂದೆ ನನಗೂ ಸೊಸೆ ಬಂದಳು. ಅದೇ ಕೌದಿಯನ್ನು ಅವಳ ಮುಂದೆ ಹಾಸಿ ಅದೇ ಮಾತು ಹೇಳಿದೆ. ಅತ್ತೆಯಾದ ಮೇಲೆ ಇನ್ನೇನು ಹೇಳಬೇಕು?

ಹೀಗಿರುವಾಗ ಮರಿಮಗಳ ಕೌದಿಯನ್ನು ಆ ಕೈಗೆ ಕೊಡುವುದುಂಟೇ? ಬೆರಳು ಹೋದರೆ ಹೋಗಲಿ, ಮಷಿನ್ ತಂದು ನಾನೇ ಹೊಲಿಯುತ್ತೇನೆ ಅಂದೆ.

ಸವಣೂರಿನಲ್ಲಿ ನೋಡಿದೆವು, ಮನಸ್ಸಿಗೆ ಬರಲಿಲ್ಲ. ಹಾನಗಲ್ಲಿಗೆ ಬಸ್ಸು ಹತ್ತಿದೆವು. ನಾನು, ರೇಣುಕಾ, ಚೀಲದಲ್ಲಿ ಅತ್ತೆಯ ಕೌದಿ. ಮಷಿನ್ನನ್ನು ಪರೀಕ್ಷೆ ಮಾಡಬೇಡವೇ? ಎತ್ತು ಕೊಳ್ಳುವವರು ಹಲ್ಲು ನೋಡುವುದಿಲ್ಲವೇ? ಆ ಕೌದಿಯ ಹೊಲಿಗೆ ಅಲ್ಲಲ್ಲಿ ಬಿಚ್ಚಿತ್ತು. ಅದನ್ನೇ ಹೊಲಿಸಿ ನೋಡಿದರೆ ಎರಡೂ ಕೆಲಸ ಆಯಿತು.

ಅಂಗಡಿಯ ಮಾಬೂಸಾಬರು ಹುಲಗೂರಿನವರು. ಮರ್ಯಾದಸ್ಥ ಮನುಷ್ಯ. ಮೊದಲು ಒಂದು ಬಿಳೀ ಪ್ಲಾಸ್ಟಿಕ್ ಮಷಿನ್ ತೋರಿಸಿದರು. ಗುಂಡಿ ಒತ್ತಿದರೆ ಹೂವು, ಬಳ್ಳಿ, ಬಾತುಕೋಳಿ ಎಲ್ಲ ತಾನೇ ಹೊಲಿಯುತ್ತದಂತೆ.

"ಬಾತುಕೋಳಿ ಇರ್ಲಿ ಸಾಬ್ರ, ಐದ ಪದರ ಅರಿವಿ ಹೊಲೀತೈತೇನ್ರಿ?"

"ಜೀನ್ಸ್ ಪ್ಯಾಂಟನ ಹೊಲೀತೈತ್ರಿ ಆಯಿ!"

"ಪ್ಯಾಂಟ್ ಹಾಕ್ಕೊಳ್ಳೂ ವಯಸ್ಸೇನ್ರಿ ನಂದು? ಇದನ್ನ ಹೊಲದ ತೋರಸ್ರಿ."

ಕೌದಿ ಅದರ ಪಾದದ ಕೆಳಗೆ ತೂರಲೇ ಇಲ್ಲ. ಇನ್ನೊಂದರಲ್ಲಿ ತೂರಿತು, ಆದರೆ ಎರಡು ಹೊಲಿಗೆ ಹಾಕಿ ಮೂರನೆಯದನ್ನು ಹಾರಿಸುತ್ತಿತ್ತು, ಕಳ್ಳ ಆಳಿನ ಹಾಗೆ. ಮತ್ತೊಂದರದು ತೋಳು ಗಿಡ್ಡ. ಸುರುಳಿ ಸುತ್ತಿದ ಕೌದಿಗೆ ಜಾಗವೇ ಇಲ್ಲ. ಕೊನೆಗೆ ಗೋಡೆಯ ಹತ್ತಿರ ಧೂಳು ಹಿಡಿದು ನಿಂತಿದ್ದ ಕರೀ ಕಬ್ಬಿಣದ ಮಷಿನ್ ಎಳೆದರು. ಕಾಲಿನಿಂದ ತುಳಿಯುವುದು. ಹೂವಿಲ್ಲ, ಬಾತುಕೋಳಿಯಿಲ್ಲ. ದಪ್ಪ ಸೂಜಿ ಏರಿಸಿ ಸಾಬರೇ ಕೂತು ತುಳಿದರು. ಆಹಾ! ಎಮ್ಮೆ ಕೆಸರಿನಲ್ಲಿ ಹೋದ ಹಾಗೆ ಹೋಯಿತು. ನಿಧಾನ, ಆದರೆ ನಿಲ್ಲುವ ಮಾತಿಲ್ಲ.

"ಇದ ನೋಡ ರೇಣುಕಾ, ಮಷಿನ್ ಅಂದ್ರ ಇದು," ಅಂದೆ. ಅಷ್ಟರಲ್ಲಿ ಅದು ಅತ್ತೆಯ ಮೂಲೆಗೆ ಬಂತು.

ಟಣ್!

ಸೂಜಿ ತುಂಡು. ಒಂದು ಚೂರು ಹಾರಿ ಸಾಬರ ಚಾಳೀಸಿನ ಗಾಜಿಗೆ ಬಡಿಯಿತು. ಚಾಳೀಸು ಇಲ್ಲದಿದ್ದರೆ ಕಣ್ಣಿನ ಗತಿ?

"ಏನೈತ್ರಿ ಆಯಿ ಇದರಾಗ?"

"ಜ್ವಾಳ."

"ಜ್ವಾಳಕ್ಕ ಈ ಸೂಜಿ ಮುರೀತೈತೇನ್ರಿ? ಬಿಚ್ಚಿ ನೋಡೂಣು."

"ಬ್ಯಾಡೋ ಮಾರಾಯಾ! ಕೌದಿ ಹೊಟ್ಟಿ ಸೀಳತಾರೇನು?"

"ಸೂಜಿದ ಇನ್ನೊಂದ ಚೂರು ಒಳಗ ಕುಂತೈತ್ರಿ. ನಾಳೆ ಯಾರಿಗರೆ ಚುಚ್ಚಿದ್ರ?"

ಮೂಲೆಯನ್ನು ನಾನೇ ಅವರ ಮುಂದೆ ಸರಿಸಿದೆ. ಬ್ಲೇಡು ಆಡಿತು. ಮೂಲೆ ಬಾಯಿ ಬಿಟ್ಟಿತು. ಸಾಬರು ಒಳಗಿದ್ದದ್ದನ್ನು ಅಂಗೈ ಮೇಲೆ ಸುರಿದುಕೊಂಡರು.

ಜೋಳವಲ್ಲ. ಹರಳು!

ಜೋಳ ಹಸನು ಮಾಡುವಾಗ ಮೊರದಿಂದ ಆರಿಸಿ ಎಸೆಯುತ್ತೇವಲ್ಲ, ಆ ಕಲ್ಲು. ಒಂದೊಂದೂ ಜೋಳದ ಕಾಳಿನಷ್ಟೇ ಗುಂಡಗೆ, ಬೆಳ್ಳಗೆ. ಇಷ್ಟು ಸರೀ ಹರಳು ಕೈಗೆ ತಾವಾಗಿ ಬರುವುದಿಲ್ಲ. ಕೂತು, ಆರಿಸಿ, ಕಾಳಿನ ಪಕ್ಕ ಇಟ್ಟು ನೋಡಿ, ಕೂಡಿಹಾಕಿದ್ದು. ಎಷ್ಟು ದಿನ ಕೂಡಿಹಾಕಿದಳೋ ಮುದುಕಿ! (ಇನ್ನು ಮುಂದೆ ಆಕೆಗೆ ನನ್ನಿಂದ ಮರ್ಯಾದೆಯ ಮಾತಿಲ್ಲ.)

ಅಲ್ಲೇ ಸ್ಟೂಲು ಎಳೆದುಕೊಂಡು ಕೂತೆ. ಓಣಿಯ ಹೆಂಗಸರ ಮುಂದೆ ನಿಂತದ್ದು ನೆನಪಾಯಿತು. ಹುರಿದ ಜೋಳ ನೆನಪಾಯಿತು. ನನ್ನ ಅವ್ವ ಕೊನೆಯವರೆಗೂ "ನಾನ ನಿನಗ ಸರಿಯಾಗಿ ಕಲಿಸಲಿಲ್ಲೇನವಾ?" ಅಂತ ಕೇಳುತ್ತಿದ್ದದ್ದು ನೆನಪಾಯಿತು. ಎಲ್ಲ ಒಂದು ಚಿಟಿಕೆ ಕಲ್ಲಿಗೆ!

ಸಾಬರು ನೀರು ಕೊಟ್ಟರು. "ಪಾಪ, ಆಗ ಮನ್ಯಾಗ ಜ್ವಾಳ ಇರಲಿಲ್ಲೇನೋ ಬಿಡ್ರಿ ಆಯಿ."

"ಇರಲಿಲ್ಲ? ನೆಲದಾಗಿನ ಹಗೇವು ತುಂಬಿ ಜ್ವಾಳ ಇತ್ರಿ! ಮುಗ್ಗ ಹಿಡಿದಿದ್ದನ್ನ ದನಕ್ಕ ಹಾಕೀವಿ!"

ರೇಣುಕಾ ಎಲ್ಲಿ ಅಂತ ನೋಡಿದೆ. ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ಮೈಯೆಲ್ಲ ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು!

"ಅತ್ತೀ, ಕಲ್ಲ ತಿಂದ ಕೌದಿ ಮ್ಯಾಲೂ ಎಲ್ಲಾರೂ ಚಲೋ ನಿದ್ದಿ ಮಾಡ್ಯಾರ ಬಿಡ್ರಿ. ಮಾವಾರಂತೂ ಗೊರಕಿ ಹೊಡೀತಿದ್ರು!"

ಎಂಥ ಮಾತು ನೋಡಿ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟಿಗೂ ಜಾಗ ಬೇಕಲ್ಲ, ಒಳಗೆಲ್ಲ ಬೆರಗೇ ತುಂಬಿತ್ತು.

ನೀವೂ ಯೋಚನೆ ಮಾಡಿ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ನಮ್ಮತ್ತೆ ಹಾಕಿದ ಉಪ್ಪಿನಕಾಯಿ ಬೂಸ್ಟು ಹಿಡಿಯುತ್ತಿರಲಿಲ್ಲ ಅನ್ನುತ್ತೀರಿ. ನಮ್ಮಜ್ಜಿಯ ರೊಟ್ಟಿ ಕಾಗದದಷ್ಟು ತೆಳು ಅನ್ನುತ್ತೀರಿ. ಸೊಸೆ ಏನು ಮಾಡಿದರೂ ಅದರ ಮುಂದೆ ಕಡಿಮೆಯೇ. ಸರಿ, ಯಾರಾದರೂ ಮೂಲೆ ಬಿಚ್ಚಿ ನೋಡಿದ್ದೀರಾ?

ಕರೀ ಮಷಿನ್ನನ್ನೇ ತಂದೆವು. ತುಳಿಯಲು ಕೂತವಳು ರೇಣುಕಾ. ನೀನೇ ಕೂಡು ಅಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಕೂತಳು. ನಾನು ಪದರ ಹಾಸಿಕೊಟ್ಟೆ, ಸುರುಳಿ ಹಿಡಿದುಕೊಂಡೆ. ಕೊನೆಯ ಮೂಲೆ ಬಂದಾಗ ಕಾಲು ನಿಲ್ಲಿಸಿದಳು.

"ಏನ್ ಹಾಕ್ಲಿರಿ ಅತ್ತೀ?"

"ಜ್ವಾಳ ಹಾಕು."

"ಬತ್ತಿ ಹೋಗತೈತಲ್ರಿ."

"ಹೊಟ್ಟಿ ಅಂದಮ್ಯಾಲೆ ಬತ್ತೂದ. ಬಿಚ್ಚಿ ತಿರುಗಿ ಹಾಕಿದ್ರಾತು."

ತೊಟ್ಟಿಲು ಕಟ್ಟುವ ಮುಂಚೆಯೇ ಕೂಸನ್ನು ಅದರ ಮೇಲೆ ಮಲಗಿಸಿ ನೋಡಿದೆವು. ಯಾರ ಕೈಗುಣ ಅಂತ ಅದು ಕೇಳಲಿಲ್ಲ. ಕಾಲು ಚಾಚಿ ನಿದ್ದೆ ಹೋಯಿತು.

ಹರಳುಗಳನ್ನು ನಾನು ಎಸೆದಿಲ್ಲ. ಎಲೆಯಡಿಕೆ ಚೀಲದಲ್ಲಿ ಗಂಟು ಕಟ್ಟಿ ಇಟ್ಟಿದ್ದೇನೆ. ಇನ್ನು ನಾನು ಹೋಗುವ ದಿನವೂ ದೂರವಿಲ್ಲ. ಅಲ್ಲಿ ಅತ್ತೆ ಸಿಕ್ಕೇ ಸಿಗುತ್ತಾಳೆ. ಮುಂದೆ ಸುರಿದು ಒಂದೇ ಮಾತು ಹೇಳುತ್ತೇನೆ:

"ತಗೋರಿ ಅತ್ತೀ, ಇದನ್ನ ಬೀಸಿ ನನಗೊಂದ ರೊಟ್ಟಿ ಬಡದ ಕೊಡ್ರಿ."